ಹಗೇವಿನ ಬಾಯಿಯ ಕಲ್ಲು

ನಮ್ಮ ಎದುರುಮನೆಯ ಆಯಿಯ ಎಡಗೈಯಲ್ಲಿ ಎರಡು ಬೆರಳು ಮಡಚುತ್ತಿರಲಿಲ್ಲ. ಹಾರಿಬಂದ ತಗಡನ್ನು ಹಿಡಿಯಲು ಹೋಗಿ ನರ ಕತ್ತರಿಸಿಕೊಂಡಿದ್ದಳಂತೆ. ಆ ಬೆರಳು ಚಾಚಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು, ನಮ್ಮನ್ನು ಬೈಯುತ್ತಿದ್ದಳು.

ವನದುರ್ಗದ ಹತ್ತಿರದ ನಮ್ಮೂರಿಗೆ ಪ್ರತಿವರ್ಷ ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಸುಂಟರಗಾಳಿ ಬರುತ್ತದೆ. ಎರಡು ಗುಡ್ಡಗಳ ಸಂದಿಯಿಂದ ಹೊರಟು ನೆಟ್ಟಗೆ ನಮ್ಮ ಓಣಿಗೇ ನುಗ್ಗುತ್ತದೆ; ಪಕ್ಕದ ಓಣಿಯಲ್ಲಿ ಒಣಹಾಕಿದ ಸೀರೆ ಕೂಡ ಹಾರುವುದಿಲ್ಲ. ಬೇರೆ ಜಾಗ ನಮಗಾರಿಗೂ ಇಲ್ಲ. ಹಾರಿದ ತಗಡು ಹುಡುಕಿ ತಂದು, ಬಡಿದು ನೆಟ್ಟಗೆ ಮಾಡಿ, ಮೇಲೆ ಕಲ್ಲು ಹೇರಿ ಮತ್ತೆ ಅದರಡಿಗೇ ಮಲಗುತ್ತೇವೆ. ಮುಂದಿನ ವರ್ಷ ಅದೇ ಕಲ್ಲುಗಳು ತಲೆಯ ಮೇಲೆ ಬೀಳುತ್ತವೆ. ನಮ್ಮಂಥ ಜಾಣರು ಬೇರೆಲ್ಲಿ ಸಿಗಬೇಕು?

ಆಯಿಯ ಪಡಸಾಲೆಯ ನೆಲದಡಿ ಹಳೆಯ ಹಗೇವು ಇತ್ತು, ಹಿಂದೆ ಜೋಳ ತುಂಬುತ್ತಿದ್ದ ಒಂದಾಳು ಆಳದ ಕುಣಿ. ಆಕಾಶ ಕೆಂಪಾದರೆ ಓಣಿಯ ಹೆಂಗಸರು, ಮಕ್ಕಳನ್ನೆಲ್ಲ ಅದರೊಳಗೆ ಇಳಿಸುತ್ತಿದ್ದಳು. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟು ನೋಡುವಳು. ಅದು ಆರದಿದ್ದರೆ ಒಳಗಿನ ಗಾಳಿ ಕೆಟ್ಟಿಲ್ಲವೆಂದು ಅರ್ಥ. ನಾವು ಇಳಿದ ಮೇಲೆ ಉಸಿರಿಗೊಂದು ಸಂದಿ ಬಿಟ್ಟು ಬಾಯಿಗೆ ಕಲ್ಲು ಎಳೆಯುವಳು. ಆ ಕಲ್ಲನ್ನು ಒಳಗಿನಿಂದ ಸರಿಸಲು ಆಗದು. ಹಾಗಾಗಿ ಆಯಿ ಮೇಲೆಯೇ ಉಳಿಯುತ್ತಿದ್ದಳು.

ವಡಗೇರಾದಿಂದ ಈ ಓಣಿಗೆ ಸೊಸೆಯಾಗಿ ಬಂದ ಮೊದಲ ವರ್ಷ ನಾನು ಹಟ ಹಿಡಿದೆ.

“ನಾನೇನು ಜೋಳ ಏನ್ರಿ ಆಯಿ, ಹಗೇವಿನಾಗ ತುಂಬಾಕ?”

“ಜೋಳ ಆಗಿದ್ರ ಇಷ್ಟು ಮಾತಾಡ್ತಿದ್ದಿಲ್ಲ. ಇಳಿ.”

ಇಳಿದೆ. ಕತ್ತಲು, ಹಳೇ ಹೊಟ್ಟಿನ ವಾಸನೆ, ಬೆನ್ನಿಗೆ ಯಾರದೋ ಮೊಣಕಾಲು. ನನಗೆ ಗಾಳಿಗಿಂತ ಆ ಕಲ್ಲಿನದೇ ಹೆದರಿಕೆ. ಮುದುಕಿ ನಮ್ಮನ್ನು ಬಿಟ್ಟು ಓಡಿಹೋದರೆ?

ಹೋದ ವರ್ಷ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಇಳಿದೆ. “ನೀವೂ ಬರ್ರಿ” ಎಂದೆ.

“ಕಲ್ಲು ತೆಗಿಯೋರು ಯಾರು? ನಿನ್ನ ಗಂಡ ಹೊಲದಾಗ ಅದಾನ” ಎಂದು ಕಲ್ಲೆಳೆದಳು.

ಗಾಳಿ ನಿಂತಿತು. ಕಲ್ಲು ಸರಿಯಲಿಲ್ಲ. ಸಂದಿಯಲ್ಲಿ ಬೆಳಕೂ ಇರಲಿಲ್ಲ. ಗಂಟಲು ಹರಿಯುವಂತೆ ಕೂಗಿದೆವು. ಬೆವೆತ ಮಗಳು ನನ್ನ ಎದೆಯ ಮೇಲೆ ತೂಕಡಿಸತೊಡಗಿದಾಗ ಕೆನ್ನೆ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದೆ. ಕೊನೆಗೆ ಗಂಡ ಹೊಲದಿಂದ ಓಡಿಬಂದು, ಕುಸಿದ ಗೋಡೆಯ ಮಣ್ಣು ತೆಗೆದ. ಅದರಡಿಯಲ್ಲಿ ಆಯಿ ಇದ್ದಳು, ಹಗೇವಿನ ಕಲ್ಲನ್ನು ಹಿಡಿದುಕೊಂಡೇ. ಜೀವ ಹೋಗಿತ್ತು.

ಅಂಥವಳ ಮೇಲೆ ಅನುಮಾನಪಟ್ಟಿದ್ದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಈ ವರ್ಷವೂ ಗಾಳಿ ಬಂತು, ಅದೇ ದಾರಿ ಹಿಡಿದು. ಓಣಿಯವರನ್ನೂ ಮಗಳನ್ನೂ ಇಳಿಸಿದೆ.

“ಯವ್ವಾ, ನೀನೂ ಬಾ” ಎಂದಳು ಮಗಳು.

ನಾನು ಕಲ್ಲೆಳೆದೆ.