ಹಾಡದೆ ಉಳಿದ ಅಂತರಾ

ಮಲಾಡ್‌ನಲ್ಲಿ ನಾನು ಕೆಲಸ ಮಾಡುವ ಸಣ್ಣ ಕಂಪನಿ ಹಾಡುವವರಿಗಾಗಿ ಒಂದು ಪೆಟ್ಟಿಗೆ ತಯಾರಿಸುತ್ತಿತ್ತು. ಮನೆಯ ಕೋಣೆಯಲ್ಲಿ ಕುಳಿತು ಮೈಕಿನ ಮುಂದೆ ಹಾಡಿದರೂ ದೊಡ್ಡ ಹಾಲ್‌ನಲ್ಲಿ ಹಾಡಿದಂತೆ ಹೆಡ್‌ಫೋನಿನಲ್ಲಿ ಕೇಳಬೇಕು. ಅದರೊಳಗಿನ ಸಿಗ್ನಲ್ ಪ್ರೊಸೆಸರ್ ಚಿಪ್‌ಗೆ ಪ್ರೋಗ್ರಾಂ ಬರೆಯುವ ಕೆಲಸ ನನ್ನದು. ಯಾವ ಹಾಲ್ ಎಂಬ ಪ್ರಶ್ನೆ ಬಂದಾಗ ನನಗೆ ಹೊಳೆದದ್ದು ಪರೇಲ್‌ನ ಒಂದು ಹಳೆಯ ಕಟ್ಟಡದ ಹಾಲ್. ಅಲ್ಲಿ ನನ್ನ ಅಕ್ಕ ಪ್ರತಿ ಭಾನುವಾರ ಮಕ್ಕಳಿಗೆ ಹಿಂದೂಸ್ತಾನಿ ಸಂಗೀತ ಕಲಿಸುತ್ತಾಳೆ. ಬಟ್ಟೆ ಗಿರಣಿಗಳಿದ್ದ ಕಾಲದ ಎತ್ತರದ ಛಾವಣಿ, ಕಲ್ಲಿನ ನೆಲ. ಅಕ್ಕನ ದನಿ ಅಲ್ಲಿ ನಿಂತು ನಿಧಾನವಾಗಿ ಕರಗುತ್ತಿತ್ತು.

ಧಾರವಾಡದಿಂದ ಬಂದ ಮನೆ ನಮ್ಮದು. ಅಪ್ಪ ಅಮ್ಮ ಹೋದ ಮೇಲೆ ಮುಲುಂಡ್‌ನ ಫ್ಲ್ಯಾಟಿನಲ್ಲಿ ನಾವಿಬ್ಬರೇ.

ಒಂದು ಭಾನುವಾರ ಪಾಠ ಮುಗಿದ ಮೇಲೆ ಹಾಲ್‌ನಲ್ಲಿ ಮೈಕ್ ಇಟ್ಟು ಬಲೂನ್ ಒಡೆದೆವು. ಸೂಜಿ ಹಿಡಿದವಳು ಅಕ್ಕ. ಚುಚ್ಚುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಒಂದು ‘ಠಪ್’ ಸದ್ದಿಗೆ ಹಾಲ್ ಹೇಗೆ ಮರುದನಿ ಕೊಡುತ್ತದೆಂದು ಗೊತ್ತಾದರೆ, ಯಾವ ದನಿಗಾದರೂ ಹೇಗೆ ಕೊಟ್ಟೀತೆಂದು ಲೆಕ್ಕ ಹಾಕಬಹುದು. ದನಿಯನ್ನು ಚೂರುಚೂರು ಮಾಡಿ, ಪ್ರತಿ ಚೂರನ್ನೂ ಆ ಮರುದನಿಯಿಂದ ಗುಣಿಸಿ, ಸ್ವಲ್ಪ ಸ್ವಲ್ಪವೇ ಸರಿಸುತ್ತ ಕೂಡುತ್ತ ಹೋಗಬೇಕು. ಲೀನಿಯರ್ ಕನ್ವಲ್ಯೂಷನ್ ಎಂದರೆ ಇಷ್ಟೇ. ಕಾಗದದ ಮೇಲೆ ಸುಲಭ. ಪುಟ್ಟ ಚಿಪ್‌ನಲ್ಲಿ, ಹಾಡುತ್ತಿದ್ದಂತೆಯೇ ಕೇಳಿಸುವಷ್ಟು ಬೇಗ ಮಾಡುವುದು ಕಷ್ಟ.

ಅದೇ ದಿನಗಳಲ್ಲಿ ಅಕ್ಕನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಗಂಟು, ತೆಗೆಯಲೇಬೇಕು ಎಂದರು ಡಾಕ್ಟರು. ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಅವರು ಇಬ್ಬರ ಮುಖವನ್ನೂ ನೋಡಿ, “ಆವಾಜ್ ಥೋಡೀ ಬದಲ್ ಸಕ್ತೀ ಹೈ” ಎಂದರು. ದನಿ ಸ್ವಲ್ಪ ಬದಲಾದೀತು. ಎಲ್ಲ ಡಾಕ್ಟರೂ ಎಲ್ಲವನ್ನೂ ಹೀಗೇ ಹೇಳಿಡುತ್ತಾರೆ ಅಂದುಕೊಂಡೆ ನಾನು. ಅಕ್ಕ ಏನಂದುಕೊಂಡಳೋ ಕೇಳಲಿಲ್ಲ. ಹೊರಗೆ ಬಂದ ಮೇಲೆ “ಊಟ ಎಲ್ಲಿ ಮಾಡೂಣು?” ಎಂದಷ್ಟೇ ಅಂದಳು.

ಪ್ರೋಗ್ರಾಂ ಪರೀಕ್ಷಿಸಲು ಯಾವ ಕೋಣೆಯ ಮರುದನಿಯ ಗುಂಗೂ ತಾಕದ ದನಿ ಬೇಕಿತ್ತು. ಅಮ್ಮ ಹೊಲಿದಿದ್ದ ಕೌದಿಗಳನ್ನು ಕಪಾಟಿನ ಬಾಗಿಲಿಗೂ ಕಿಟಕಿಗೂ ಇಳಿಬಿಟ್ಟು, ಫ್ಯಾನ್ ಆರಿಸಿ, ಅಕ್ಕನನ್ನು ನಡುವೆ ಕೂರಿಸಿದೆ. ಭೀಮಪಲಾಸ ರಾಗದ ಒಂದು ಬಂದಿಶ್, ಅಂದರೆ ಆ ರಾಗದಲ್ಲಿ ಕಟ್ಟಿದ ಹಾಡು, ಅದರ ಮೊದಲ ಸಾಲು. ಅಷ್ಟಾದ ಕೂಡಲೇ “ಸಾಕು” ಅನ್ನುತ್ತಿದ್ದೆ, ಅವಳು ನಿಲ್ಲಿಸುತ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಎಲ್ಲವೂ ಎಡವಟ್ಟು. ಸಾಲು ಶುರುವಾಗುವ ಮೊದಲೇ ಅದರ ಕೊನೆಯ ಸ್ವರದ ಗುಂಗು ಬಂದು ಕೂತಿರುತ್ತಿತ್ತು.

ತಪ್ಪು ಮೈಕಿನದೆಂದು ನನಗೆ ಹಠ. ಹಾಗಾಗಿ ಒಮ್ಮೆ ರೆಕಾರ್ಡ್ ಮಾಡಿದ್ದನ್ನೇ ಮತ್ತೆ ಬಳಸದೆ ಪ್ರತಿ ಸಲ ಅಕ್ಕನಿಂದ ಹಾಡಿಸಿದೆ. ತನ್ನ ಆಫೀಸಿನಿಂದ ಬಂದು, ಲೋಕಲ್ ರೈಲಿನ ಬೆವರು ಆರುವ ಮೊದಲೇ ಅವಳು ಕೌದಿಗಳ ನಡುವೆ ಕೂರುತ್ತಿದ್ದಳು. ಒಮ್ಮೆಯೂ ಬೇಸರಿಸಲಿಲ್ಲ.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆಯೂ ಕೂತೆವು. ಆವತ್ತು ಅವಳು ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮೊದಲ ಸಾಲು ಮುಗಿಸಿ ಕೇಳಿದಳು:

“ಇವತ್ತ ಪೂರ್ತಿ ಹಾಡ್ಲೇನು? ಅಂತರಾನೂ ಹಾಡ್ತೀನಿ.”

ಅಂತರಾ ಬಂದಿಶ್‌ನ ಎರಡನೆಯ ಭಾಗ, ಮೇಲಿನ ಷಡ್ಜಕ್ಕೆ, ಎತ್ತರದ ‘ಸಾ’ಗೆ ಏರುವುದು. ಅಕ್ಕನ ದನಿ ಅರಳುತ್ತಿದ್ದುದೇ ಅಲ್ಲಿ.

“ಬ್ಯಾಡ ಅಕ್ಕಾ, ಚಿಪ್ ಬೋರ್ಡಿನ ಮೆಮೊರಿ ಹಿಡಿಯೂದಿಲ್ಲ. ಮೊದಲನೇ ಸಾಲಷ್ಟ ಸಾಕು. ಸುಮ್ನ ಹೊತ್ತು ಹೋಗ್ತದ.”

“ಆತು ತಗೋ,” ಎಂದು ಮತ್ತೆ ಮೊದಲ ಸಾಲನ್ನೇ ಹಾಡಿದಳು. ಫುಲ್ ಚಾರ್ಜ್ ಆಗಿದ್ದ ನನ್ನ ಫೋನ್ ಪಕ್ಕದಲ್ಲೇ ಬಿದ್ದಿತ್ತು. ಅದರಲ್ಲಿ ಇಡೀ ರಾತ್ರಿಯ ಹಾಡು ಹಿಡಿಯುವಷ್ಟು ಜಾಗವಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ವರದಿ ಬಂತು. ಆದರೆ ಅಕ್ಕನಿಗೆ ಬಹಳ ದಿನ ಪಿಸುಮಾತಷ್ಟೇ ಹೊರಟಿತು. ಆಮೇಲೆ ಒಡಕು ದನಿ ಬಂತು. ಕೆಳಗಿನ ಸ್ವರಗಳು ಮರಳಿದವು, ಮೇಲಿನ ಷಡ್ಜ ಮರಳಲಿಲ್ಲ. “ಜೀವ ಉಳೀತಲ್ಲ, ಅದ ದೊಡ್ಡದು” ಎಂದರು ನೋಡಲು ಬಂದವರು. ನಾನೂ ಹೌದೆಂದೆ.

ಅವಳಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ನನ್ನ ತಪ್ಪು ಸಿಕ್ಕಿತ್ತು. ಮೈಕ್ ಸರಿಯಿತ್ತು. ಹಾಡು ಮುಗಿದ ಮೇಲೂ ಹಾಲ್‌ನ ಗುಂಗು ಉಳಿಯುತ್ತದೆ. ಹಾಗಾಗಿ ಲೆಕ್ಕದ ಉತ್ತರ ಯಾವಾಗಲೂ ಹಾಡಿಗಿಂತ ಉದ್ದ. ಬಾಲದಂತೆ ಉಳಿಯುವ ಆ ಗುಂಗಿಗೆ ನಾನು ಜಾಗವನ್ನೇ ಇಟ್ಟಿರಲಿಲ್ಲ. ಜಾಗ ಸಾಲದೆ ಅದು ಸುತ್ತಿಕೊಂಡು ಬಂದು ಹಾಡಿನ ತಲೆಯ ಮೇಲೆ ಕೂರುತ್ತಿತ್ತು. ದನಿಯ ಪ್ರತಿ ತುಂಡಿನ ಹಿಂದೆ ಸಾಕಷ್ಟು ಸೊನ್ನೆ ಸೇರಿಸಿ ಜಾಗ ಮಾಡಿ, ಉಳಿದ ಬಾಲವನ್ನು ಮುಂದಿನ ತುಂಡಿಗೆ ಕೂಡಿದೆ. ಆಫೀಸಿನ ಸ್ಪೀಕರಿನಲ್ಲಿ ಅಕ್ಕನ ಸಾಲು ಪರೇಲ್‌ನ ಹಾಲ್ ತುಂಬಿ ನಿಂತಂತೆ ಕೇಳಿಸಿತು. ಪಕ್ಕದ ಟೇಬಲ್ಲಿನವರು ಚಪ್ಪಾಳೆ ತಟ್ಟಿದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ತಿಂಗಳುಗಳಾದ ಮೇಲೆ ಅಕ್ಕನೇ ಕೇಳಿದಳು, “ನಿನ್ನ ಡಬ್ಬಿ ಏನಾತು? ನನಗ ಕೇಳಿಸಲೇ ಇಲ್ಲ?”

ಲ್ಯಾಪ್‌ಟಾಪ್ ತೆರೆದೆ. ಹೆಡ್‌ಫೋನ್ ಕೊಟ್ಟೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಗುಂಗು ಪೂರ್ತಿ ಕರಗಿದ ಮೇಲೂ ಕಾಯುತ್ತ ಕೂತಿದ್ದಳು.

“ಮುಂದ?”

“ಮುಂದಿಲ್ಲ ಅಕ್ಕಾ. ಎಲ್ಲಾ ಫೈಲಿನ್ಯಾಗೂ ಇಷ್ಟ ಅದ.”

ಅವಳು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ನೀ ಆವತ್ತ ಕೇಳಿದ್ದಿ, ನಾನ ಬ್ಯಾಡಂದೆ,” ಎಂದೆ.

“ನಾನರ ಬಾಯಿ ಬಿಟ್ಟು ಎಲ್ಲಿ ಹೇಳಿದ್ದೆ? ದನಿ ಹೋದೀತು, ಹಿಡಿದಿಟ್ಟಕೋ ಅಂತ ಹೇಳಬೇಕಿತ್ತು. ಹೇಳಿದ್ರ ನೀ ಅಳ್ತಿದ್ದಿ. ನೀ ಅತ್ರ ನಾ ದವಾಖಾನಿಗೆ ಹೋಗ್ತಿದ್ದಿಲ್ಲ.” ಹೆಡ್‌ಫೋನಿನ ವೈರು ಸುತ್ತುತ್ತ ಹೇಳಿದಳು, “ಆದ್ರ ಖರೇ ಹೇಳ್ಲೇನು? ಆವತ್ತ ಭಾಳ ಕೆಟ್ಟ ಅನಿಸಿತ್ತು.”

ಅದನ್ನು ಅವಳು ಹೇಳದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಹೇಳಿದ್ದೇ ಸರಿ ಎಂದೂ ಅನ್ನಿಸಿದೆ.

ಅಕ್ಕ ಈಗ ಶ್ರುತಿ ಇಳಿಸಿಕೊಂಡು ಕಲಿಸುತ್ತಾಳೆ. ಮೇಲಿನ ಸ್ವರಗಳನ್ನು ಹಾರ್ಮೋನಿಯಂನಲ್ಲಿ ನುಡಿಸಿ ತೋರಿಸುತ್ತಾಳೆ. ನಮ್ಮ ಕಂಪನಿಯ ಪೆಟ್ಟಿಗೆಯೊಂದು ಮನೆಗೆ ಬಂದಿದೆ. ಬೆಳಿಗ್ಗೆ ಬಾಗಿಲು ಮುಂದೆ ಮಾಡಿಕೊಂಡು, ಅದನ್ನು ಹಚ್ಚಿ ಆ ಒಡಕು ದನಿಯಲ್ಲೇ ಅಭ್ಯಾಸ ಮಾಡುತ್ತಾಳೆ. ಹೆಡ್‌ಫೋನಿನೊಳಗೆ ಅವಳಿಗೆ ಪರೇಲ್‌ನ ಹಾಲ್, ಅಡುಗೆಮನೆಯಲ್ಲಿ ನಿಂತ ನನಗೆ ಬರಿಯ ಅವಳ ದನಿ. ಒಲೆ ಸಣ್ಣ ಮಾಡಿ ಕೇಳುತ್ತೇನೆ. ಒಳಗೆ ಹೋಗಿ ಎದುರಿಗೆ ಕೂರಲು ನನಗಿನ್ನೂ ಧೈರ್ಯ ಬಂದಿಲ್ಲ.