ಕೆಲಸ ಬಿಡುವ ಧೈರ್ಯವನ್ನು ಮಾದಪ್ಪ ಅಜ್ಜೀಪುರದಲ್ಲಿ ಕೊಟ್ಟ

ಮಾದಪ್ಪನನ್ನು ನಂಬಿದ ಎಲ್ಲರಿಗೂ ಯಳಂದೂರಿನ ಮಂಜುಳಾ ಮಾಡುವ ಶರಣು. ರಕ್ತ ಪರೀಕ್ಷೆಯ ರಿಪೋರ್ಟು ಬಿಟ್ಟರೆ ನಾನು ಬೇರೇನೂ ಬರೆದವಳಲ್ಲ. ಆದರೂ ಈ ವಿಷಯ ಬರೆಯಲೇಬೇಕು ಅನ್ನಿಸಿತು. ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ನಾನು ಕೊಳ್ಳೇಗಾಲದ ಒಂದು ಖಾಸಗಿ ಲ್ಯಾಬಿನಲ್ಲಿ ಒಂಬತ್ತು ವರ್ಷ ಟೆಕ್ನಿಶಿಯನ್ ಆಗಿದ್ದೆ. ನಮ್ಮ ಮನೆಯವರು ಯಳಂದೂರಿನಲ್ಲಿ ಟೈಲರ್. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಟರೆ ಸಂಜೆ ಆರೂವರೆಗೆ ಮನೆ. ಲ್ಯಾಬಿನ ಮಾಲೀಕರು ಮೊದಲು ಒಳ್ಳೆಯವರೇ ಆಗಿದ್ದರು. ನನ್ನ ಮಗಳು ಸಣ್ಣವಳಿದ್ದಾಗ ಅವಳನ್ನು ಒಳಗಿನ ಕೋಣೆಯಲ್ಲಿ ಮಲಗಿಸಿಕೊಂಡು ಕೆಲಸ ಮಾಡಲು ಬಿಟ್ಟವರು ಅವರೇ. ಆ ಉಪಕಾರ ನಾನು ಮರೆತಿಲ್ಲ. ಇನ್ನೊಂದು ಊರಿನಲ್ಲೂ ಲ್ಯಾಬ್ ತೆಗೆದ ಮೇಲೆ ಅವರು ಬದಲಾದರು. ಮೆಷಿನ್ ಕೆಟ್ಟರೆ ವಾರಗಟ್ಟಲೆ ರಿಪೇರಿ ಇಲ್ಲ, ಪರೀಕ್ಷೆಗೆ ಬೇಕಾದ ದ್ರಾವಣ ಮುಗಿದರೆ ತರಿಸುವುದಿಲ್ಲ. ಬಂದವರನ್ನು ವಾಪಸ್ ಕಳಿಸುವ ಹಾಗೂ ಇಲ್ಲ.

"ಮನ್ಷನ್ನ ನೋಡಿದ್ರೇ ಗೊತ್ತಾಗಲ್ವೇನಮ್ಮ? ಒಂದು ಅಂದಾಜಲ್ಲಿ ನಂಬರ್ ಹಾಕು," ಎನ್ನುತ್ತಿದ್ದರು.

ಮೊದಲ ಸಲ ಹಾಗೆ ಬರೆದ ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ಸೇರಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಎರಡು ಸಲ ಕೆಲಸ ಬಿಡುತ್ತೇನೆ ಎಂದು ಬಾಯಿ ತೆರೆದಿದ್ದೆ. ಕೆಲಸಕ್ಕೆ ಸೇರುವಾಗ ಕೊಟ್ಟಿದ್ದ ನನ್ನ ಡಿಪ್ಲೊಮಾದ ಮೂಲ ಸರ್ಟಿಫಿಕೇಟ್ ಅವರ ಬೀರುವಿನಲ್ಲಿತ್ತು. "ಬುಡು, ಯಾರ್ ಬ್ಯಾಡ ಅಂದೋರು? ಸರ್ಟಿಫಿಕೇಟ್ ಮಾತ್ರ ಕೇಳ್ಬ್ಯಾಡ. ಆ ರಿಪೋರ್ಟ್‌ಗಳಲ್ಲೆಲ್ಲಾ ಸಹಿ ಯಾರ್ದು ಅಂತ್ಲೂ ಒಂದ್ಸಲ ನೋಡ್ಕೊ," ಎಂದಿದ್ದರು. ನಾನು ಮತ್ತೆ ಕೆಲಸಕ್ಕೆ ಹೋದೆ. ಸೋಮವಾರ ಒಪ್ಪೊತ್ತು ಮಾಡಿ, ಮಾದಪ್ಪನ ಫೋಟೋ ಮುಂದೆ ಒಂದೇ ಮಾತು ಹೇಳುತ್ತಿದ್ದೆ: "ಅಪ್ಪಾ, ನನ್ನನ್ನ ಅಲ್ಲಿಂದ ಬಿಡಿಸು."

ಹೋದ ವರ್ಷ ಶ್ರಾವಣ ಕಳೆದು ಕೆಲವು ದಿನಗಳಾಗಿದ್ದವು. ಅಜ್ಜೀಪುರದಿಂದ ಒಬ್ಬ ಬಸುರಿ ಹುಡುಗಿ ಅತ್ತೆಯ ಜೊತೆ ಬಂದಳು. ಹೆಸರು ರೂಪಾ, ಏಳು ತಿಂಗಳು. ಸ್ಕ್ಯಾನಿಂಗಿಗೆಂದು ಕೊಳ್ಳೇಗಾಲಕ್ಕೆ ಬಂದಿದ್ದವರಿಗೆ ಅಲ್ಲಿನ ಡಾಕ್ಟರು ರಕ್ತ ಪರೀಕ್ಷೆಯನ್ನೂ ಮಾಡಿಸಿ ಎಂದಿದ್ದರಂತೆ. ಅತ್ತೆ ಮುದ್ದಮ್ಮನಿಗೆ ಅರವತ್ತರ ಆಸುಪಾಸು. ಸೊಸೆಯ ಕೈ ಬಿಟ್ಟಿರಲಿಲ್ಲ. ನಾನು ರಕ್ತ ತೆಗೆದೆ. ಆದರೆ ಹಿಮೋಗ್ಲೋಬಿನ್ ನೋಡುವ ಮೆಷಿನ್ ಕೆಟ್ಟು ನಾಲ್ಕು ದಿನವಾಗಿತ್ತು. ಮಾಲೀಕರು ಬಾಗಿಲಿನಲ್ಲಿ ನಿಂತು ಹುಡುಗಿಯನ್ನು ನೋಡಿ, "ಹನ್ನೊಂದು ಹಾಕು," ಎಂದರು. ಬಸುರಿಯರಿಗೆ ಅಷ್ಟಿದ್ದರೆ ಸರಿ ಎನ್ನುವ ಅಂಕಿ ಅದು. ಹಾಕಿದೆ. ಸಹಿಯನ್ನೂ ಮಾಡಿದೆ.

"ಚೆಂದಾಗದಾ ಅವ್ವಾರೆ?" ಎಂದು ಮುದ್ದಮ್ಮ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ.

ಸಂಜೆಯ ಬಸ್ಸು ಮಾಂಬಳ್ಳಿ ದಾಟುವಾಗ ಆ ಹುಡುಗಿಯ ಕಣ್ಣು ನೆನಪಾಯಿತು. ಸೂಜಿ ಚುಚ್ಚುವಾಗ ಹೆದರಿ ಮೇಲೆ ನೋಡಿದ್ದಳು. ರೆಪ್ಪೆಯ ಒಳಭಾಗ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಪಾದ ಊದಿ ಚಪ್ಪಲಿಯ ಪಟ್ಟಿ ಬಿಗಿಯಾಗಿತ್ತು. ನಾನು ಅದನ್ನೆಲ್ಲ ನೋಡಿದ್ದೆ. ನೋಡಿಯೂ ಹನ್ನೊಂದು ಬರೆದಿದ್ದೆ.

ಮರುದಿನ ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅದರ ಮರುದಿನವೂ ಅಷ್ಟೇ. ಮಾಲೀಕರಿಗೆ ಹೇಳಿದರೆ, "ಹೆರಿಗೆ ಟೈಮಲ್ಲಿ ಆಸ್ಪತ್ರೇಲಿ ಇನ್ನೊಂದ್ಸಲ ನೋಡೇ ನೋಡ್ತಾರೆ. ನೀನ್ಯಾಕೆ ತಲೆ ಕೆಡಿಸ್ಕೊತೀಯ?" ಎಂದರು. ಮನೆಯವರ ಹತ್ತಿರ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವರು ಹೊಲಿಗೆ ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡು, "ಅಜ್ಜೀಪುರ ಏನು ದೂರದ ದೇಶವಾ? ಓಗಿ ಯೋಳ್ಬುಟ್ಟು ಬಾ. ನಾನೂ ಬತ್ತೀನಿ," ಎಂದರು. ನನಗೆ ಧೈರ್ಯ ಸಾಲಲಿಲ್ಲ. ಹೋಗಿ ಏನೆಂದು ಹೇಳುವುದು? ಊರಿನವರು ಸೇರಿಕೊಂಡರೆ? ಪೊಲೀಸರನ್ನು ಕರೆದರೆ? ಮಾದಪ್ಪನ ಬೆಟ್ಟಕ್ಕೆ ಹೋಗಿ ತಪ್ಪು ಕಾಣಿಕೆ ಹಾಕಿ ಬರೋಣ, ಮಾದಪ್ಪನೇ ಆ ಹುಡುಗಿಯನ್ನು ನೋಡಿಕೊಳ್ಳಲಿ ಎಂದುಕೊಂಡೆ. ಹೇಡಿಯ ಭಕ್ತಿ ಅದು.

ಸೋಮವಾರ ರಜೆ ಹಾಕಿ ಒಬ್ಬಳೇ ಹೊರಟೆ. ಕೊಳ್ಳೇಗಾಲದಲ್ಲಿ ಬೆಟ್ಟದ ಬಸ್ಸು ಹತ್ತಿದೆ. ಹನೂರು ದಾಟಿದ ಮೇಲೆ ಕಣ್ಣು ಮುಚ್ಚಿಕೊಂಡು ಕುಳಿತೆ, ಅಜ್ಜೀಪುರ ಕಾಣದಿರಲಿ ಎಂದು. ಇದನ್ನು ಓದುವವರು ನಂಬಿ. ಕಣ್ಣು ಮುಚ್ಚಿ ಕುಳಿತಿದ್ದಾಗಲೇ ಹಿಂದಿನ ಚಕ್ರದಿಂದ ಢಬ್ ಎಂದು ಸದ್ದಾಯಿತು. ಬಸ್ಸು ಒಂದು ಪಕ್ಕಕ್ಕೆ ವಾಲಿ ನಿಂತಿತು.

"ಟೈರ್ ಓಯ್ತು. ಮುಕ್ಕಾಲ್ ಗಂಟೆ ಆಯ್ತದೆ, ಎಲ್ರೂ ಇಳ್ಕಳಿ," ಎಂದ ಕಂಡಕ್ಟರ್.

ಇಳಿದು ನೋಡಿದರೆ ಎದುರಿನ ಅಂಗಡಿಯ ಬೋರ್ಡಿನಲ್ಲಿ ಅಜ್ಜೀಪುರ ಎಂದಿತ್ತು. ಅಂಗಡಿಯ ಜಗಲಿಯ ಮೇಲೆ ಕುಳಿತುಬಿಟ್ಟೆ. ಹತ್ತು ನಿಮಿಷವೂ ಆಗಿರಲಿಲ್ಲ, ತಲೆಯ ಮೇಲೆ ಹಸುವಿನ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ನನ್ನ ಮುಂದೆ ನಿಂತರು. ಮುದ್ದಮ್ಮ.

"ಅವ್ವಾರೆ, ಕೊಳ್ಳೇಗಾಲದಲ್ಲಿ ನಮ್ ಸೊಸೆ ರಕ್ತ ತಗುದ್ರಲ್ಲ, ನೀವೇ ಅಲ್ವಾ? ಬೆಟ್ಟಕ್ ಒಂಟ್ರಾ?" ಹೊರೆಯನ್ನು ಇಳಿಸಿ ನಕ್ಕರು. "ಪುಣ್ಯ ಬರ್ಲಿ ನಿಮ್ಗೆ. ನೀವು ಚೆಂದಾಗದೆ ಅಂದ್ಮೇಲೆ ನಂಗೆ ನೆಮ್ದಿ ಆಯ್ತು. ರಕ್ತದ ಮಾತ್ರೆ ತಿಂದ್ರೆ ವಾಂತಿ ಬತ್ತದೆ ಅಂತಿದ್ಲು, ರಿಪೋಟು ಚೆಂದಾಗದಲ್ಲ ಬುಡು ಅಂತ ನಾನೇ ಬುಡುಸ್ಬುಟ್ಟೆ. ಈಗ್ಯಾಕೋ ಎರಡ್ ಎಜ್ಜೆ ಇಟ್ರೆ ಏದುಸ್ರು ಬುಡ್ತಾಳೆ. ದಿನ ತುಂಬ್ತಾ ಬಂದಂಗೆ ಅಂಗೇ ಅಲ್ವಾ?"

ಅವರು ನನಗೆ ಕೈ ಮುಗಿದರು. ಆ ಕೈಗಳನ್ನು ನೋಡಿ ನನಗೆ ಸುಳ್ಳು ಹೇಳಲಾಗಲಿಲ್ಲ.

"ಅಮ್ಮಾ, ಕೈ ಮುಗೀಬೇಡಿ. ಆ ರಿಪೋರ್ಟ್ ಸುಳ್ಳು. ಮೆಷಿನ್ ಕೆಟ್ಟಿತ್ತು. ಪರೀಕ್ಷೆ ಮಾಡದೆ ಬರೆದೆ. ಅವಳಿಗೆ ರಕ್ತ ತುಂಬಾ ಕಮ್ಮಿ ಇರಬಹುದು. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು," ಎಂದೆ.

ಮುದ್ದಮ್ಮನ ಮುಖದಲ್ಲಿದ್ದ ನಗು ಹೋಯಿತು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ತಪ್ಪೂ ಅಲ್ಲ. ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು, ಅಂಗಡಿಯವನ ಕಡೆ ತಿರುಗಿ, "ಲೇ, ಆಟೋ ಕರಿಯೋ ಬಿರ್ರನೆ!" ಎಂದು ಕೂಗಿದರು. ಹುಲ್ಲಿನ ಹೊರೆ ಅಲ್ಲೇ ಉಳಿಯಿತು. ಆಟೋ ಬಂದು ನಿಂತಾಗ ನನ್ನ ಕಡೆ ನೋಡಿ, "ನೀನೂ ಅತ್ತು," ಎಂದರು. ಅಷ್ಟೇ.

ಮನೆಯಿಂದ ರೂಪಾಳನ್ನು ಹತ್ತಿಸಿಕೊಂಡು ಹನೂರಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ ಆರಕ್ಕೂ ಕಡಿಮೆ ಇತ್ತು. ತಕ್ಷಣ ಆಂಬುಲೆನ್ಸಿನಲ್ಲಿ ಕೊಳ್ಳೇಗಾಲದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ರೂಪಾಳ ಗಂಡ ತೋಟದ ಕೆಲಸದಿಂದ ಹಾಗೇ ಓಡಿ ಬಂದ. ನನ್ನ ಮನೆಯವರೂ ಬಂದರು, ಬಂದವರೇ ರಕ್ತ ಕೊಡಲು ಅಂಗಿಯ ತೋಳು ಮಡಚಿಕೊಂಡು ನಿಂತರು. ಡಾಕ್ಟರ ಮುಂದೆ ನಾನು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇನ್ನೂ ಎರಡು ವಾರ ಹೀಗೇ ಬಿಟ್ಟಿದ್ದರೆ ತಾಯಿ ಮಗು ಇಬ್ಬರನ್ನೂ ಉಳಿಸೋದು ಕಷ್ಟ ಆಗ್ತಿತ್ತು. ಇದನ್ನ ನಾನು ಮೇಲಿನವರಿಗೆ ಬರೀಬೇಕಾಗುತ್ತೆ. ನೀವೂ ಉತ್ತರ ಕೊಡಬೇಕಾಗುತ್ತೆ," ಎಂದರು. "ಬರೀರಿ ಸರ್," ಎಂದೆ. ಆ ಮಾತು ಆಡಿದ ಮೇಲೆ ಎಷ್ಟೋ ತಿಂಗಳಿಂದ ಎದೆ ಮೇಲಿದ್ದ ಭಾರ ಇಳಿದ ಹಾಗಾಯಿತು.

ಮೂರು ದಿನ ಆಸ್ಪತ್ರೆಯಲ್ಲೇ ಇದ್ದೆ. ಎರಡನೆಯ ದಿನ ರೂಪಾಳ ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಮುದ್ದಮ್ಮ ಅಲ್ಲಿಯವರೆಗೆ ನನ್ನ ಜೊತೆ ಹೆಚ್ಚು ಮಾತಾಡಿರಲಿಲ್ಲ. ಅಂದು ಮಧ್ಯಾಹ್ನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, ಮುದ್ದೆ ಮುರಿದು ಅರ್ಧ ನನಗೆ ಕೊಟ್ಟರು.

"ಆ ಕೆಲ್ಸ ಬುಡು," ಎಂದರು.

"ಬಿಡೋಕೆ ಬಿಡಲ್ಲ ಕಣಮ್ಮ. ಸರ್ಟಿಫಿಕೇಟ್ ಅವರ ಹತ್ರ ಇದೆ. ನಾಳೆಯಿಂದ ಹೋಗದೆ ಇದ್ದುಬಿಡೋಣ ಅನ್ಕೊಂಡಿದ್ದೀನಿ."

"ಅಂಗಲ್ಲ. ಬುಡೋದು ಅಂದ್ರೆ ಓಡೋಗದಲ್ಲ ಕಣ್ ಮಗ, ಒಪ್ಪುಸ್ಬುಟ್ಟು ಬರಾದು." ಮುದ್ದಮ್ಮ ತಮ್ಮ ಬೆರಳುಗಳನ್ನು ಚಾಚಿದರು. ತುದಿಗಳು ಸುಕ್ಕುಗಟ್ಟಿ ಬಿಳಿಚಿಕೊಂಡಿದ್ದವು. "ನಾನು ವಯಸ್ನಲ್ಲಿ ರೇಷ್ಮೆ ನೂಲ್ ತಗ್ಯೋ ಪ್ಯಾಟ್ರೀಲಿ ಇದ್ದೆ. ಬಿಸ್ನೀರಲ್ಲಿ ಕೈ ಬೆಂದು ಬೆಂದು ಇಂಗಾದೊ. ಬುಡಾಣ ಅಂದಾಗ ಜೊತೆಯೋರೆಲ್ಲ ಯಾರ್ಗೂ ಯೋಳ್ದೆ ನಿಂತ್ಬುಡು ಅಂದ್ರು. ನಾನು ಯಜಮಾನ್ರ ಮುಂದೆ ಓಗಿ, ಈ ತಿಂಗ್ಳು ಮುಗುದ್ ಮೇಲೆ ಬರಾಕಿಲ್ಲ ಸಾ, ನನ್ ಜಾಗಕ್ ಬರೋಳ್ಗೆ ಕೆಲ್ಸ ಕಲ್ಸ್ಕೊಟ್ಟು ಓಯ್ತೀನಿ ಅಂದೆ. ಅವ್ರು ರೇಗುದ್ರು. ನಾನು ನಿಂತೇ ಇದ್ದೆ. ಆಮ್ಯಾಕೆ ದಾರೀಲಿ ಸಿಕ್ದಾಗ ಅವ್ರೇ ಮಾತಾಡ್ಸೋರು. ನೀನು ಬರ್ದು ಕೊಡು. ನಾನೂ ಬತ್ತೀನಿ."

ಓದು ಬರಹ ಇಲ್ಲದ ಆ ತಾಯಿ, ನನ್ನಿಂದಲೇ ಸೊಸೆಯನ್ನು ಕಳೆದುಕೊಳ್ಳುವುದರಲ್ಲಿದ್ದ ತಾಯಿ, ನನಗೆ ರಾಜೀನಾಮೆ ಕೊಡುವುದು ಹೇಗೆಂದು ಹೇಳಿಕೊಟ್ಟರು. ಇಷ್ಟು ದೊಡ್ಡ ಮನಸ್ಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪತ್ರವನ್ನು ನಾಲ್ಕೇ ಸಾಲಿನಲ್ಲಿ ಬರೆದೆ. ಇಂದಿಗೆ ಒಂದು ತಿಂಗಳಾದ ಮೇಲೆ ಕೆಲಸ ಬಿಡುತ್ತೇನೆ. ಪರೀಕ್ಷೆ ಮಾಡದ ರಿಪೋರ್ಟಿಗೆ ಸಹಿ ಹಾಕಲು ನನ್ನಿಂದ ಆಗದು, ಅದೇ ಕಾರಣ. ಈ ತಿಂಗಳಲ್ಲಿ ಬರುವ ಹೊಸಬರಿಗೆ ಕೆಲಸ ಒಪ್ಪಿಸುತ್ತೇನೆ. ನನ್ನ ಮೂಲ ಸರ್ಟಿಫಿಕೇಟ್ ಮತ್ತು ಅನುಭವದ ಪತ್ರ ಕೊಡಬೇಕು. ಬೈಗುಳವಿಲ್ಲ, ಹಳೆಯ ಉಪಕಾರದ ಲೆಕ್ಕವೂ ಇಲ್ಲ. ಎರಡು ಪ್ರತಿ ಮಾಡಿದೆ, ಒಂದು ಅವರಿಗೆ, ಇನ್ನೊಂದು ಮುದ್ರೆ ಹಾಕಿಸಿಕೊಂಡು ನನಗೆ.

ಲ್ಯಾಬಿಗೆ ಹೋದ ದಿನ ಮುದ್ದಮ್ಮ ಬೆಳಗಿನ ಬಸ್ಸಿಗೇ ಬಂದಿದ್ದರು. ರೋಗಿಗಳ ಬೆಂಚಿನ ಮೇಲೆ ಕುಳಿತರು. ಮಾಲೀಕರು ಪತ್ರ ಓದಿ ಕೆಂಡವಾದರು. "ಒಂಬತ್ತು ವರ್ಷ ಅನ್ನ ಹಾಕಿದ್ದಕ್ಕೆ ಇದಾ? ತಗೊಳ್ಳಲ್ಲ ಹೋಗು!" ಎಂದು ಪತ್ರವನ್ನು ಮೇಜಿನ ಮೇಲೆ ಎಸೆದರು.

ಮೊದಲಾಗಿದ್ದರೆ ಅಳುತ್ತಾ ಒಳಗೆ ಹೋಗಿ ಸೂಜಿ ಹಿಡಿಯುತ್ತಿದ್ದೆ. ಅಂದು ಮನಸ್ಸಿನಲ್ಲೇ ಮಾದಪ್ಪಾ ಎಂದೆ. ಪತ್ರವನ್ನು ಎತ್ತಿ ಮತ್ತೆ ಅವರ ಮುಂದಿಟ್ಟೆ. "ಅನ್ನ ಹಾಕಿದ್ದೀರಿ ಸರ್, ಅದಕ್ಕೇ ಹೇಳದೆ ಹೋಗುತ್ತಿಲ್ಲ," ಎಂದೆ.

ಮುದ್ದಮ್ಮ ಕುಳಿತಲ್ಲಿಂದಲೇ, "ಈಸ್ಕಳಿ ಸಾ. ನಾನು ಆ ಅಜ್ಜೀಪುರದ ಉಡ್ಗಿ ಅತ್ತೆ. ನಂಗೇನೂ ಅವಸ್ರ ಇಲ್ಲ, ಕಾಯ್ತೀನಿ," ಎಂದರು. ಧ್ವನಿ ಏರಿಸಲಿಲ್ಲ. ಬೆಂಚಿನಲ್ಲಿದ್ದ ಇತರರು ಏನದು ಎಂಬಂತೆ ತಿರುಗಿ ನೋಡತೊಡಗಿದರು. ಮಾಲೀಕರು ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. ಕುರ್ಚಿಯಲ್ಲಿ ಕುಸಿದು ಡ್ರಾಯರ್ ಎಳೆದು ಮುದ್ರೆ ತೆಗೆದರು.

ಆ ಒಂದು ತಿಂಗಳು ಸುಲಭವಾಗಿರಲಿಲ್ಲ. ಮೆಷಿನ್ ಇಲ್ಲದ ದಿನ ರಿಪೋರ್ಟಿನಲ್ಲಿ "ಪರೀಕ್ಷೆ ಮಾಡಿಲ್ಲ" ಎಂದೇ ಬರೆದೆ. ಹಳೆಯ ರಿಜಿಸ್ಟರ್ ತೆಗೆದು, ಅಂದಾಜಿನಲ್ಲಿ ಬರೆದಿದ್ದೆ ಎಂದು ನೆನಪಿದ್ದವರಿಗೆಲ್ಲ ಫೋನ್ ಮಾಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ಕೆಲವರು ಬೈದರು, ಬೈಸಿಕೊಂಡೆ. ಒಬ್ಬ ಮುದುಕರ ವಿಳಾಸ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಅವರಿಗಾಗಿ ದಿನವೂ ದೀಪ ಹಚ್ಚುವಾಗ ಬೇಡಿಕೊಳ್ಳುತ್ತೇನೆ. ಆರೋಗ್ಯ ಇಲಾಖೆಯವರು ವಿಚಾರಣೆಗೆ ಬಂದಾಗ ನನ್ನ ಸಹಿ ನನ್ನದೇ ಎಂದು ಒಪ್ಪಿಕೊಂಡೆ. ನನಗೆ ಎಚ್ಚರಿಕೆಯ ಪತ್ರ ಕೊಟ್ಟರು. ಮಾಲೀಕರಿಗೆ ಮೆಷಿನ್ ಸರಿಯಾಗುವವರೆಗೆ ಆ ಪರೀಕ್ಷೆಗಳನ್ನು ನಿಲ್ಲಿಸಲು ಹೇಳಿದರು. ಕೊನೆಯ ದಿನ ಮಾಲೀಕರು ಬೀರು ತೆಗೆದು ನನ್ನ ಸರ್ಟಿಫಿಕೇಟನ್ನು ಕೈಗಿತ್ತರು. ನಾನು ನಮಸ್ಕಾರ ಮಾಡಿ ಬಂದೆ.

ಆಮೇಲೆ ಮೂರು ತಿಂಗಳು ಮನೆಯಲ್ಲಿದ್ದೆ, ನಮ್ಮವರಿಗೆ ಕಾಜಾ ಗುಂಡಿ ಹೊಲಿದುಕೊಟ್ಟೆ. ಆ ನಡುವೆ ರೂಪಾಗೆ ಹೆಣ್ಣು ಮಗು ಆಯಿತು. ತಾಯಿ ಮಗು ಗಟ್ಟಿಯಾಗಿದ್ದಾರೆ. ಯಳಂದೂರಿನಲ್ಲೇ ಒಬ್ಬ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿಗೆ ಟೆಕ್ನಿಶಿಯನ್ ಬೇಕೆಂದಾಗ ಹೋದೆ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು. ಎಚ್ಚರಿಕೆಯ ಪತ್ರವನ್ನೂ ಮುಂದಿಟ್ಟು ಎಲ್ಲ ಹೇಳಿದೆ. ಅವರು ಆ ಪತ್ರವನ್ನು ಪೂರ್ತಿ ಓದಿ, "ನಾಳೆ ಬೆಳಿಗ್ಗೆ ಬನ್ನಿ," ಎಂದರು.

ನನ್ನ ಹಾಗೆ ಮನಸ್ಸಿಲ್ಲದ ಕೆಲಸದಲ್ಲಿ ಸಿಕ್ಕಿಕೊಂಡು ದೇವರನ್ನು ಕರೆಯುತ್ತಿರುವವರಿಗೆ ಇಷ್ಟು ಹೇಳುತ್ತೇನೆ. ಮಾದಪ್ಪ ಕರೆದರೆ ಓಗೊಡುತ್ತಾನೆ. ನಾನು ಕಣ್ಣು ಮುಚ್ಚಿಕೊಂಡಾಗ ಬಸ್ಸನ್ನೇ ನಿಲ್ಲಿಸಿದ, ನಾನು ಅನ್ಯಾಯ ಮಾಡಿದವರ ಕೈಯಿಂದಲೇ ನನಗೆ ಬಲ ಕೊಡಿಸಿದ. ಪತ್ರ ಬರೆಯುವ ಕೈ ಮಾತ್ರ ನಮ್ಮದಾಗಬೇಕು.

ಹೊಸ ಕೆಲಸದ ಎರಡನೆಯ ವಾರ, ಗದ್ದೆ ಕೆಲಸ ಬಿಟ್ಟು ಬಂದಿದ್ದ ಒಬ್ಬ ಹೆಂಗಸಿನ ರಕ್ತ ನೋಡಿದೆ. ಸಕ್ಕರೆ ತುಂಬಾ ಏರಿತ್ತು. ತಪ್ಪಿರಬಹುದೆಂದು ಎರಡನೆಯ ಸಲ ನೋಡಿದೆ, ಅಷ್ಟೇ ಬಂತು. ಬಂದ ಸಂಖ್ಯೆಯನ್ನೇ ಬರೆದು ಸಹಿ ಹಾಕಿದೆ.

"ಚೆನ್ನಾಗದಾ ಮೇಡಮ್ಮೋರೆ?" ಎಂದು ಆಕೆ ಆಸೆಯಿಂದ ಕೇಳಿದಳು.

"ಇಲ್ಲ ಕಣವ್ವ, ಚೆನ್ನಾಗಿಲ್ಲ. ಆದ್ರೆ ಹೆದರ್ಬೇಡ, ಮಾತ್ರೆ ಇದೆ. ಬಾ, ಡಾಕ್ಟರಮ್ಮನ ಹತ್ರ ನಾನೇ ಕರ್ಕೊಂಡು ಹೋಗ್ತೀನಿ," ಎಂದು ಆಕೆಯ ಕೈ ಹಿಡಿದು ಎಬ್ಬಿಸಿದೆ.

ಈ ಮಾತು ಆಡುವ ಬಾಯಿ ಕೊಟ್ಟ ಏಳುಮಲೆಯ ಒಡೆಯ ಮಾದಪ್ಪನಿಗೆ ನಾನು ಬದುಕಿರುವವರೆಗೂ ಶರಣು.