ಕಿರ್ಸ್ಟೀನಳ ಗೋರಿ ಹುಡುಕುವ ಆರ್ಡಿತ್

ಹಿಂದೆ ದೂರದೇಶಗಳಿಂದ ವಲಸೆ ಬಂದವರು ನೆಲೆಸಿದ ಸ್ಯಾನ್‌ಪೀಟ್ ಕಣಿವೆಯಲ್ಲಿ ಆರ್ಡಿತ್ ಕೈಗೆ ಸಿಕ್ಕವರು ತಮ್ಮ ಮುತ್ತಜ್ಜನ ಹೆಸರು ಹೇಳದೆ ಬಿಡಿಸಿಕೊಂಡದ್ದಿಲ್ಲ. ಮದುವೆಯಲ್ಲಿ ವರನನ್ನೇ ತಡೆದು, "ನೀನು ಯಾರ ಪೈಕಿಯಪ್ಪಾ? ನಿಮ್ಮವರು ಎತ್ತಿನ ಗಾಡೀಲಿ ಬಂದವರೋ, ಕೈಗಾಡಿ ತಳ್ಳಿಕೊಂಡು ಬಂದವರೋ?" ಎನ್ನುತ್ತಾಳೆ; ಸಾವಿನ ಮನೆಗೆ ಆಲೂಗಡ್ಡೆ ಬೇಯಿಸಿ ಒಯ್ದರೆ, ಸತ್ತವರ ಅಜ್ಜಿಯ ತವರು ತಿಳಿದೇ ಹೊರಡುತ್ತಾಳೆ. ಪಾಚಿ ಕಟ್ಟಿದ ಗೋರಿಕಲ್ಲು ಕಂಡರೆ ಸಾಕು, ಕಾರಿನಿಂದ ಬ್ರಷ್ಷು, ನೀರು ತಂದು, ಮಗುವಿನ ಮುಖ ತೊಳೆದ ಹಾಗೆ ತೊಳೆಯುತ್ತಾಳೆ. ಇಷ್ಟೆಲ್ಲ ಮಾಡಿ ಅವಳು ಹುಡುಕುತ್ತಿರುವುದು ಒಬ್ಬಳನ್ನೇ: ಡೆನ್ಮಾರ್ಕಿನಿಂದ ಬಂದು, ಬಯಲುದ್ದಕ್ಕೂ ಕೈಗಾಡಿ ತಳ್ಳಿ, ಈ ಕಣಿವೆಯಲ್ಲೆಲ್ಲೋ ಮಣ್ಣಾದ ಕಿರ್ಸ್ಟೀನ್, ಆರ್ಡಿತಳ ಮುತ್ತಜ್ಜನ ಅಕ್ಕ. ಮೊನ್ನೆ ಆರ್ಡಿತಳ ಅಡುಗೆಮನೆಯಲ್ಲಿ ಹಣ್ಣಿನ ಪೈ ತಿನ್ನುತ್ತಾ ತಮ್ಮನ ಮಗಳು ಜೊಲೀನ್ ರೇಗಿಸಿದಳು: "ಅವಳಿಗೆ ಮದುವೆಯೂ ಆಗಿರಲಿಲ್ಲ, ಮಕ್ಕಳೂ ಇಲ್ಲ. ಅವಳ ಹಿಂದೆ ಯಾಕಿಷ್ಟು ಬಿದ್ದಿದ್ದೀಯ ಅತ್ತೆ?" ಆರ್ಡಿತ್ ಮೇಜಿನ ಮೇಲೆ ಉದುರಿದ ಚೂರುಗಳನ್ನು ಅಂಗೈಗೆ ಬಳಿದುಕೊಂಡಳು. "ಮಕ್ಕಳಿದ್ದೋರನ್ನ ಅವರವರ ಮೊಮ್ಮಕ್ಕಳು ಹುಡುಕ್ತಾರೆ ಕಣೇ. ಅವಳು ನನ್ನ ಹಾಗೆ. ಅವಳನ್ನ ಯಾರು ಹುಡುಕ್ತಾರೆ ಹೇಳು?" ಜೊಲೀನ್ ತಟ್ಟೆ ಸರಿಸಿ ಎದ್ದು, ಬಾಗಿಲ ಬಳಿ ಬೂಟು ಮೆಟ್ಟಿಕೊಂಡು, "ಇನ್ನೂ ಯಾವ ಸ್ಮಶಾನ ನೋಡೋದು ಉಳಿದಿದೆ? ಬಾ, ನಾನು ಕಾರು ಓಡಿಸ್ತೀನಿ" ಎಂದಳು.